ಒಟ್ಟೊಮನ್ ಕಟ್ಟಡ: ದುರಸ್ತಿಗೆ ಮುಂಚೆ ಸಂದುಗಳನ್ನು ಓದಿ

ಒಟ್ಟೊಮನ್ ವಾಸ್ತುಶಿಲ್ಪ ಅಂದ ಕೂಡಲೇ ನಾವೆಲ್ಲ ಗುಮ್ಮಟದ ಅಳತೆ ಬಾಯಿಪಾಠ ಮಾಡಲು ಕೂರುತ್ತೇವೆ. ಇಸ್ತಾಂಬುಲ್‌ನ ಸುಲೇಮಾನಿಯೆ 1550–57, ಎದಿರ್ನೆಯ ಸೆಲಿಮಿಯೆ 1568–75, ಎರಡೂ ವಾಸ್ತುಶಿಲ್ಪಿ ಮಿಮಾರ್ ಸಿನಾನ್ ಕಟ್ಟಿದ ಮಸೀದಿಗಳು, ಸೆಲಿಮಿಯೆ ಗುಮ್ಮಟದ ವ್ಯಾಸ ಸುಮಾರು 31 ಮೀಟರ್. ಸಂರಕ್ಷಣೆಯ ಪ್ರಶ್ನೆಪತ್ರಿಕೆಗೆ ಇಷ್ಟು ಸಾಕು. ದುರಸ್ತಿಗೆ ಇಳಿಯುವವರಿಗೆ ಬೇಕಾದದ್ದು ಬೇರೆ: ಕಲ್ಲಿಗೂ ಕಲ್ಲಿಗೂ ನಡುವೆ ಏನಿದೆ, ನೆಲ ನಡುಗಿದರೆ ಯಾವುದು ಬಗ್ಗುತ್ತದೆ, ಗೋಡೆಯೊಳಗಿನ ತೇವ ಯಾವ ದಾರಿಯಲ್ಲಿ ಹೊರಬರುತ್ತದೆ.

ಟರ್ಕಿಯಲ್ಲಿ ಈ ಕೆಲಸವನ್ನು ಮೂರು ಹಂತದಲ್ಲಿ ಮಾಡುತ್ತಾರೆ. ಮೊದಲನೆಯದು ರೊಲೊವೆ, ಅಂದರೆ ಕಟ್ಟಡ ಈಗ ಹೇಗಿದೆಯೋ ಹಾಗೇ, ಬಿರುಕು ಸೊಟ್ಟ ಎಲ್ಲ ಸೇರಿಸಿ ಅಳೆದು ಬರೆಯುವುದು. ಎರಡನೆಯದು ರೆಸ್ಟಿಟ್ಯೂಸಿಯೋನ್: ಹಿಂದೆ ಯಾವ ಯಾವ ಕಾಲದಲ್ಲಿ ಹೇಗಿತ್ತು ಎಂದು ಸಾಕ್ಷ್ಯ ಹಿಡಿದು ಚಿತ್ರಿಸುವುದು. ಇಲ್ಲಿ ವಕ್ಫ್ ದಾಖಲೆಗಳೂ ಹಳೆಯ ಲೆಕ್ಕದ ಪುಸ್ತಕಗಳೂ ಕೈಹಿಡಿಯುತ್ತವೆ. ಸುಲೇಮಾನಿಯೆ ಕಟ್ಟುವಾಗ ಕೊಟ್ಟ ಕೂಲಿ, ಕೊಂಡ ಸಾಮಗ್ರಿಯ ಲೆಕ್ಕ ಇಂದಿಗೂ ಉಳಿದಿದೆ. ಇವೆರಡೂ ಮುಗಿದ ಮೇಲೆಯೇ ದುರಸ್ತಿಯ ನಕ್ಷೆ. ಊಹೆ ಶುರುವಾದಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬ 1964ರ ವೆನಿಸ್ ಸನ್ನದಿನ (ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ) ಮಾತು ಎರಡನೇ ಹಂತದಲ್ಲೇ ಹೆಚ್ಚು ಮುರಿದುಬೀಳುವುದು.

ಈಗ ಸಂದಿಗೆ ಬರೋಣ. ಮುಖ್ಯ ಕಟ್ಟಡಗಳಲ್ಲಿ ಅಕ್ಕಪಕ್ಕದ ಎರಡು ಕಲ್ಲುಗಳನ್ನು ಕಬ್ಬಿಣದ ಕೊಂಡಿ ಹಿಡಿದಿರುತ್ತದೆ. ಅದಕ್ಕೆ ಕೆನೆತ್ ಎನ್ನುತ್ತಾರೆ. ಎರಡೂ ಕಲ್ಲಿನ ತಲೆಯಲ್ಲಿ ಗುಳಿ ತೋಡಿ, ಕೊಂಡಿಯ ಎರಡು ಕಾಲು ಇಳಿಸಿ, ಸುತ್ತ ಕರಗಿದ ಸೀಸ ಹೊಯ್ಯುತ್ತಾರೆ. ಮೇಲಿನ ಕಲ್ಲಿಗೂ ಕೆಳಗಿನ ಕಲ್ಲಿಗೂ ಬೀಳುವ ಕಬ್ಬಿಣದ ಗೂಟ ಜಿವಾನಾ. ಇದರಲ್ಲಿ ಒಂದು ಜಾಣತನವಿದೆ. ಗೂಟವನ್ನು ಮೊದಲು ಮೇಲಿನ ಕಲ್ಲಿಗೆ ಸೀಸದಲ್ಲಿ ಕೂರಿಸಿ, ಕಲ್ಲನ್ನು ಜಾಗಕ್ಕೆ ಇಟ್ಟ ಮೇಲೆ ಕೆಳಗಿನ ಗುಳಿಗೆ ಸೀಸ ಹೋಗುವುದು ಹೇಗೆ? ಅದಕ್ಕೆಂದೇ ಕೆಳಗಿನ ಕಲ್ಲಿನ ಮೈಮೇಲೆ ಅಂಚಿನಿಂದ ಗುಳಿಯವರೆಗೆ ಸಣ್ಣ ಕಾಲುವೆ ಕೊರೆದಿರುತ್ತಾರೆ. ಬಿದ್ದ ಕಟ್ಟಡದಲ್ಲಿ ಇಂಥ ಗೀರು ಕಂಡರೆ ಉಳಿಯ ಗುರುತು ಎಂದು ಬಿಟ್ಟುಬಿಡಬೇಡಿ, ಅದು ಸೀಸ ಹರಿದ ದಾರಿ.

ಸೀಸವೇ ಏಕೆ? ಮೆದುವಾದ್ದರಿಂದ ಕಲ್ಲು ಕೊಂಚ ಸರಿದರೂ ಒಡೆಯದೆ ತಾಳಿಕೊಳ್ಳುತ್ತದೆ, ಜೊತೆಗೆ ಕಬ್ಬಿಣಕ್ಕೆ ನೀರು ಗಾಳಿ ತಾಗದಂತೆ ತಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಲ್ಲನ್ನೇ ಸೀಳುತ್ತದೆ. ಒಟ್ಟೊಮನ್ ಅಲ್ಲದಿದ್ದರೂ ಇದಕ್ಕೆ ಒಳ್ಳೆಯ ಪಾಠ ಅಥೆನ್ಸಿನ ಪಾರ್ಥೆನಾನ್. ಗ್ರೀಕರದೂ ಇದೇ ಸೀಸದ ವಿಧಾನ. ಇಪ್ಪತ್ತನೇ ಶತಮಾನದ ಆರಂಭದ ದುರಸ್ತಿಯಲ್ಲಿ ಸೀಸದ ರಕ್ಷಣೆಯಿಲ್ಲದೆ ಕಬ್ಬಿಣ ಹಾಕಿದರು, ಅಮೃತಶಿಲೆ ಬಿರಿಯಿತು, ಆಮೇಲೆ ಅದನ್ನೆಲ್ಲ ತೆಗೆದು ಟೈಟೇನಿಯಂ ಇಡಬೇಕಾಯಿತು.

ಗಾರೆಯ ವಿಷಯ ನಮಗೆ ಸುಲಭ. ಅವರ ಹೊರಾಸಾನ್ ಗಾರೆ ಅಂದರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ್ದು, ನಮ್ಮ ಸುರ್ಕಿ ಗಾರೆಯ ದಾಯಾದಿ. ಕನ್ನಂಬಾಡಿ ಕಟ್ಟೆ ಎದ್ದದ್ದೂ ಸುರ್ಕಿಯಲ್ಲೇ. ಇಟ್ಟಿಗೆಯ ಸಿಲಿಕಾ ಸುಣ್ಣದೊಂದಿಗೆ ಕೂಡಿಕೊಂಡು ಒದ್ದೆಯಲ್ಲೂ ಗಟ್ಟಿಯಾಗುವುದರಿಂದ ಹಮಾಮುಗಳಿಗೆ ಅಂದರೆ ಸ್ನಾನಗೃಹಗಳಿಗೆ, ನೀರಿನ ತೊಟ್ಟಿಗಳಿಗೆ ಇದೇ ಬೇಕಿತ್ತು. ಆದರೆ ಯಾವ ಇಟ್ಟಿಗೆಯಾದರೂ ನಡೆಯುವುದಿಲ್ಲ. ಹದವಾದ ಶಾಖದಲ್ಲಿ ಬೆಂದದ್ದು ಸುಣ್ಣಕ್ಕೆ ಸ್ಪಂದಿಸುತ್ತದೆ. ಅತಿಯಾಗಿ ಸುಟ್ಟು ಗಾಜಿನಂತಾದ ಈಗಿನ ಇಟ್ಟಿಗೆಯ ಪುಡಿ ಬರೀ ಮರಳಿನ ಕೆಲಸ ಮಾಡುತ್ತದೆ. ಇನ್ನು ಸಿಮೆಂಟ್: ಹಳೆಯ ಗೋಡೆಗಿಂತ ಗಡುಸು, ತೇವವನ್ನು ಒಳಗೇ ಕಟ್ಟಿಹಾಕುತ್ತದೆ, ಉಪ್ಪು ಬೇರೆ ತರುತ್ತದೆ. ಸಂದು ಉಳಿದು ಕಲ್ಲು ಉದುರಿದ ಗೋಡೆ ಕಂಡರೆ ಮೊದಲು ಸಿಮೆಂಟನ್ನೇ ಅನುಮಾನಿಸಿ.

ಮನೆಗಳದು ಇನ್ನೊಂದು ಲೋಕ. 1994ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಟರ್ಕಿಯ ಸಫ್ರಾನ್‌ಬೊಲುವಿನಲ್ಲಿ ಕೆಳ ಅಂತಸ್ತು ಕಲ್ಲು, ಮೇಲೆ ಹಿಮಿಶ್: ಮರದ ಚೌಕಟ್ಟು, ನಡುವೆ ಹಸಿ ಇಟ್ಟಿಗೆ ಅಥವಾ ಸುಟ್ಟ ಇಟ್ಟಿಗೆಯ ಭರ್ತಿ. 1999ರ ಆಗಸ್ಟ್ 17ರ ಭೂಕಂಪದಲ್ಲಿ ಗೊಲ್ಜುಕ್, ಅದಪಜಾರಿ ಕಡೆ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳು ಸಾಲುಸಾಲಾಗಿ ಕುಸಿದಾಗ ಪಕ್ಕದಲ್ಲೇ ಹಲವು ಹಿಮಿಶ್ ಮನೆಗಳು ನಿಂತಿದ್ದವು. ಗಾರೆ ಬಿರುಕು ಬಿಟ್ಟಿತು, ಭರ್ತಿ ಚೌಕಟ್ಟಿನೊಳಗೆ ಉಜ್ಜಾಡಿತು, ಆ ತಿಕ್ಕಾಟವೇ ಕಂಪನದ ಶಕ್ತಿಯನ್ನು ಸವೆಸಿತು. ಹಾಗಾಗಿ ಇಂಥ ಮನೆಯ ಮುಂಭಾಗವನ್ನಷ್ಟೇ ಉಳಿಸಿ ಒಳಗೆ ಕಾಂಕ್ರೀಟ್ ತುಂಬುವುದನ್ನು ಸಂರಕ್ಷಣೆ ಎನ್ನಲು ನನಗೆ ಮನಸ್ಸಿಲ್ಲ. ಮರಕ್ಕೆ ಗೆದ್ದಲು, ಕೊಳೆ, ಬೆಂಕಿಯ ಭಯ ಇದ್ದೇ ಇದೆ. ಸೂರು, ಚರಂಡಿ ಸರಿಯಿಟ್ಟರೆ ಅದರಲ್ಲಿ ಅರ್ಧ ತಪ್ಪುತ್ತದೆ.

ಕೊನೆಗೆ ಪರೀಕ್ಷೆಯಲ್ಲಿ ಬರಬಹುದಾದ, ಬೋಸ್ನಿಯಾದ ಮೊಸ್ತಾರ್ ಸೇತುವೆ. 1566ರಲ್ಲಿ ಮಿಮಾರ್ ಹೈರುದ್ದೀನ್ ಮುಗಿಸಿದ ಈ ಒಂಟಿ ಕಮಾನು 1993ರ ನವೆಂಬರ್ 9ರಂದು ಯುದ್ಧದ ಶೆಲ್ ದಾಳಿಗೆ ನೆರೆತ್ವಾ ನದಿಗೆ ಬಿತ್ತು. ನದಿಯಿಂದ ಎತ್ತಿದ ಕಲ್ಲು ಮತ್ತೆ ಕಮಾನಿಗೆ ಬರುವಂತಿರಲಿಲ್ಲ. ಅದೇ ಸೀಮೆಯ ತೆನೆಲಿಯ ಸುಣ್ಣಕಲ್ಲನ್ನು ಹೊಸದಾಗಿ ಕಡಿದು, ಕಬ್ಬಿಣದ ಕೊಂಡಿಗೆ ಸೀಸ ಹೊಯ್ದು, 2004ರಲ್ಲಿ ಮತ್ತೆ ನಿಲ್ಲಿಸಿದರು. 2005ರಲ್ಲಿ ಸೇತುವೆ ಮತ್ತು ಸುತ್ತಲಿನ ಹಳೆ ಪೇಟೆ ಯುನೆಸ್ಕೊ ಪಟ್ಟಿಗೆ ಸೇರಿದ್ದು ಆರನೇ ಮಾನದಂಡವೊಂದರಿಂದಲೇ, ಅಂದರೆ ಕಟ್ಟಡದ ಹಳಮೆಗಲ್ಲ, ಜನರ ಸಹಬಾಳ್ವೆಗೆ ಅದು ಸಂಕೇತವಾದದ್ದಕ್ಕೆ. ಇದು ಜೀರ್ಣೋದ್ಧಾರವೋ ಪುನರ್ನಿರ್ಮಾಣವೋ ಎಂದು ಕೇಳಿದರೆ ಪುನರ್ನಿರ್ಮಾಣ ಎಂದೇ ಬರೆಯಿರಿ. ಕಾರಣ ಕೊಡುವಾಗ ಹೊಸ ಕಲ್ಲನ್ನೂ ಹಳೆಯ ವಿಧಾನವನ್ನೂ ಬೇರೆ ಬೇರೆಯಾಗಿ ಹೇಳಿ.