ಪದ ಪರಿಚಯ: ಕೋನ್ ಆಫ್ ಅನ್‌ಸರ್ಟೆನ್ಟಿ

"ಸದ್ಯಕ್ಕೆ ಒಂದು ಡೇಟ್ ಹಾಕಿ. ಕೋನ್ ಆಫ್ ಅನ್‌ಸರ್ಟೆನ್ಟಿ ಅಂತ ಇದೆಯಲ್ವಾ, ದಿನ ಕಳೆದ ಹಾಗೆ ಎಲ್ಲ ಸ್ಪಷ್ಟವಾಗುತ್ತೆ." ಪ್ಲಾನಿಂಗ್ ಮೀಟಿಂಗ್‌ಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೋನ್ ಹೇಳುವುದು ಇದನ್ನಲ್ಲ. ಒಂದು ಕೆಲಸಕ್ಕೆ ಎಷ್ಟು ಸಮಯ ಹಿಡಿಯುತ್ತದೆ ಅನ್ನುವ ಅಂದಾಜು, ಅಂದರೆ ಎಸ್ಟಿಮೇಟ್, ಎಷ್ಟು ತಪ್ಪಬಹುದು ಅಂತ ತೋರಿಸುವ ಚಿತ್ರ ಅದು: ಶುರುವಿನಲ್ಲಿ ಅಗಲ, ಮುಂದೆ ಹೋದ ಹಾಗೆ ಕಿರಿದು.

ಈ ಚಿತ್ರವನ್ನು ಸಾಫ್ಟ್‌ವೇರ್‌ಗೆ ತಂದವರು ಸಾಫ್ಟ್‌ವೇರ್ ಎಂಜಿನಿಯರ್ ಬ್ಯಾರಿ ಬೋಮ್, 1981ರಲ್ಲಿ. ಕೋನ್ ಅನ್ನುವ ಹೆಸರು ಬಳಕೆಗೆ ಬಂದದ್ದು ಆಮೇಲೆ, ಸಾಫ್ಟ್‌ವೇರ್ ಲೇಖಕ ಸ್ಟೀವ್ ಮೆಕಾನೆಲ್ ಅವರಿಂದ. ಪ್ರಾಜೆಕ್ಟ್ ಇನ್ನೂ ಯೋಚನೆಯಲ್ಲೇ ಇರುವಾಗ ಹಾಕಿದ ಎಸ್ಟಿಮೇಟ್ 4 ಪಟ್ಟು ಹಿಗ್ಗಬಹುದು, ಕಾಲು ಭಾಗಕ್ಕೆ ಕುಗ್ಗಲೂಬಹುದು. ಅಂದರೆ ನಾಲ್ಕು ತಿಂಗಳು ಅಂದದ್ದು ಒಂದೇ ತಿಂಗಳಲ್ಲಿ ಮುಗಿದೀತು, 16 ತಿಂಗಳೂ ಹಿಡಿದೀತು. ಏನೇನು ಬೇಕು ಅಂತ ಪೂರ್ತಿ ಬರೆದಾದ ಮೇಲೆ ಹಿಗ್ಗುವ ಮಿತಿ ಸುಮಾರು ಒಂದೂವರೆ ಪಟ್ಟಿಗೆ ಇಳಿಯುತ್ತದೆ.

ಈಗ ಚಿತ್ರದ ಕೆಳಗಿನ ಗೆರೆ ನೋಡಿ. ಅಲ್ಲಿ ಜನವರಿ, ಫೆಬ್ರವರಿ ಇಲ್ಲ. ರಿಕ್ವೈರ್‌ಮೆಂಟ್ಸ್ (ಏನೇನು ಬೇಕು ಅನ್ನುವ ಪಟ್ಟಿ), ಡಿಸೈನ್ ಇಂಥ ಹಂತಗಳಿವೆ. ಎಲ್ಲರೂ ಎಡವುವುದು ಇಲ್ಲೇ. ಕೋನ್ ಕಿರಿದಾಗುವುದು ತೀರ್ಮಾನಗಳಿಂದ, ಕ್ಯಾಲೆಂಡರ್‌ನಿಂದಲ್ಲ. ಅದೂ ಚೆನ್ನಾಗಿ ನಡೆಯುವ ಪ್ರಾಜೆಕ್ಟ್‌ನಲ್ಲಿ ಮಾತ್ರ ಅಂತ ಮೆಕಾನೆಲ್ ಒತ್ತಿ ಹೇಳುತ್ತಾರೆ. 2006ರಲ್ಲಿ ಟಾಡ್ ಲಿಟಲ್ ತಮ್ಮ ಕಂಪನಿಯ ಪ್ರಾಜೆಕ್ಟ್‌ಗಳ ಲೆಕ್ಕ ತೆಗೆದು ನೋಡಿದರು. ಉಳಿದ ಕೆಲಸದ ಎಸ್ಟಿಮೇಟ್ ಶುರುವಿನಲ್ಲಿ ಎಷ್ಟು ಪಟ್ಟು ತಪ್ಪುತ್ತಿತ್ತೋ, ಕೊನೆಯ ಹಂತಗಳಲ್ಲೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತಿತ್ತು.

ಒಂದು ಲೈಬ್ರರಿಯ ಹಳೇ ಪುಸ್ತಕಪಟ್ಟಿಯನ್ನು ಆನ್‌ಲೈನ್‌ಗೆ ತರಬೇಕು ಅಂದುಕೊಳ್ಳಿ. ಪಟ್ಟಿ ಹಳೇ ನುಡಿ ಫಾಂಟ್‌ನಲ್ಲಿದೆ, ಯೂನಿಕೋಡ್ ಆಗಬೇಕು. ಮೂರು ತಿಂಗಳು ಲಾಗಿನ್ ಪೇಜು, ಬಣ್ಣ, ಬಟನ್ನು ಮಾಡುತ್ತಾ ಕೂತರೆ ಆ ಪಟ್ಟಿಯ ಫೈಲಿನ ಬಗ್ಗೆ ನಿಮಗೆ ಗೊತ್ತಿರುವುದು ಮೊದಲ ದಿನ ಇದ್ದಷ್ಟೇ. ಅದರ ಬದಲು ಮೊದಲ ವಾರವೇ ನೂರು ದಾಖಲೆ ಕನ್ವರ್ಟ್ ಮಾಡಿ ನೋಡಿ. ಒತ್ತಕ್ಷರ ಎಲ್ಲಿ ಕೆಡುತ್ತದೆ, ಎಷ್ಟನ್ನು ಕೈಯಲ್ಲಿ ತಿದ್ದಬೇಕು ಅಂತ ಗೊತ್ತಾಗುತ್ತದೆ. ಇಂಥ ಪುಟ್ಟ ಪ್ರಯೋಗಕ್ಕೆ ಸ್ಪೈಕ್ ಅನ್ನುತ್ತಾರೆ. ಕೋನ್ ಕಿರಿದು ಮಾಡುವ ಕೆಲಸ ಇದು.

ಎಸ್ಟಿಮೇಟ್ ಮೇಲೆ ಸುಮ್ನೆ ಇಪ್ಪತ್ತು ಪರ್ಸೆಂಟ್ ಬಫರ್ (ಹೆಚ್ಚುವರಿ ಸಮಯ) ಸೇರಿಸಿ "ಅನ್‌ಸರ್ಟೆನ್ಟಿ ಮ್ಯಾನೇಜ್ ಮಾಡಿದೆವು" ಅನ್ನುವವರೂ ಇದ್ದಾರೆ. 4 ಪಟ್ಟು ಹಿಗ್ಗಬಹುದಾದ ಕಡೆ ಇಪ್ಪತ್ತು ಪರ್ಸೆಂಟ್ ಯಾವ ಮೂಲೆಗೆ? ಆ ಹಂತದಲ್ಲಿ "ಎರಡರಿಂದ ಹತ್ತು ತಿಂಗಳು, ಫೈಲ್ ನೋಡಿದ ಮೇಲೆ ಮತ್ತೆ ಹೇಳುತ್ತೇವೆ" ಅನ್ನುವುದೇ ಸರಿಯಾದ ಉತ್ತರ. ಮ್ಯಾನೇಜರ್‌ಗೆ ಇಷ್ಟವಾಗದಿದ್ದರೂ ಹಾಗೇ ಹೇಳಿ. ಜೊತೆಗೆ ಆ ಫೈಲ್ ಯಾವತ್ತು ಕೈಗೆ ಸಿಗುತ್ತದೆ ಅಂತ ಅದೇ ಮೀಟಿಂಗ್‌ನಲ್ಲಿ ಕೇಳಿ.