ಚಾವಣಿಯ ಸೋಲಾರ್‌ಗೆ ಪ್ರೋತ್ಸಾಹಧನ: ಖರ್ಚು ಯಾರ ತಲೆಗೆ?

ಮನೆಗೆ ಸೋಲಾರ್ ಹಾಕಿಸಿದವರಿಗೆ ಹಣ ಕೊಡುವ ಆಲೋಚನೆಯ ಹಿಂದೆ ಮೊದಲು ಇದ್ದದ್ದು ಎಣ್ಣೆಯ ಭಯ. 1973ರ ತೈಲ ಬಿಕ್ಕಟ್ಟಿನಲ್ಲಿ ಏಟು ತಿಂದ ಅಮೆರಿಕ 1978ರಲ್ಲಿ ಮನೆಯ ಸೌರ ಸಲಕರಣೆಗಳಿಗೆ ಆದಾಯ ತೆರಿಗೆ ರಿಯಾಯಿತಿ ತಂದಿತು. ಅದರಲ್ಲಿ ಹೆಚ್ಚಿನದು ನೀರು ಕಾಯಿಸುವ ವ್ಯವಸ್ಥೆಗಳ ಪಾಲಾಯಿತು. 1985ರ ಕೊನೆಗೆ ರಿಯಾಯಿತಿ ನಿಂತಿತು, ಎಣ್ಣೆಯೂ ಅಗ್ಗವಾಯಿತು. ಅದನ್ನೇ ನಂಬಿಕೊಂಡಿದ್ದ ಎಷ್ಟೋ ಕಂಪನಿಗಳು ಬಾಗಿಲು ಹಾಕಿದವು.

ಅದೇ ಕಾಲದಲ್ಲಿ ಸದ್ದಿಲ್ಲದೆ ಇನ್ನೊಂದು ಪದ್ಧತಿ ಹುಟ್ಟಿತ್ತು. ಹಳೆಯ ಮೀಟರಿನ ತಟ್ಟೆ, ವಿದ್ಯುತ್ ಮನೆಯಿಂದ ಹೊರಗೆ ಹರಿದರೆ ಹಿಂದಕ್ಕೆ ತಿರುಗುತ್ತದೆ. ಮಧ್ಯಾಹ್ನ ಹತ್ತು ಯೂನಿಟ್ ಕೊಟ್ಟು ರಾತ್ರಿ ಹತ್ತು ಯೂನಿಟ್ ಪಡೆದರೆ ಬಿಲ್ಲಿನಲ್ಲಿ ಸೊನ್ನೆ. 1983ರಲ್ಲಿ ಮಿನೆಸೋಟ ರಾಜ್ಯ ಇದನ್ನು ಕಾನೂನಾಗಿಸಿತು. ಇದೇ ನೆಟ್ ಮೀಟರಿಂಗ್. ಖಜಾನೆಯಿಂದ ಬಿಡಿಗಾಸೂ ಹೋಗುವುದಿಲ್ಲವಾದ್ದರಿಂದ ರಾಜಕಾರಣಿಗಳಿಗೆ ಅಚ್ಚುಮೆಚ್ಚು. ಆದರೆ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳ ಖರ್ಚು ಆ ಸೊನ್ನೆ ಬಿಲ್ಲಿನೊಳಗೆ ಎಲ್ಲಿ ಅಡಗಿದೆ ಎಂದು ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಸೋಲಾರ್ ಚಾವಣಿಗಳು ಬೆರಳೆಣಿಕೆಯಷ್ಟಿದ್ದವು.

ನಿಜವಾದ ತಿರುವು ಜರ್ಮನಿಯದು. 1990ರ ‘ಸಾವಿರ ಚಾವಣಿ’ ಯೋಜನೆಯಲ್ಲಿ ಅಲ್ಲಿನ ಸರ್ಕಾರಗಳು ಫಲಕದ ಖರ್ಚಿನ ದೊಡ್ಡ ಪಾಲನ್ನು ಮೊದಲೇ ಭರಿಸಿದವು. 1994ರಲ್ಲಿ ಜಪಾನ್ ಕೂಡ ಖರೀದಿ ಸಬ್ಸಿಡಿಗೆ ಕೈಹಾಕಿತು. ಇಂಥ ಸಬ್ಸಿಡಿಗೆ ಒಂದು ದೋಷವಿದೆ: ಫಲಕ ಚಾವಣಿ ಏರಿದರೆ ಹಣ ಬಂತು, ಅದು ಚೆನ್ನಾಗಿ ಕೆಲಸ ಮಾಡಬೇಕೆಂಬ ಒತ್ತಡ ಉಳಿಯುವುದಿಲ್ಲ. ಜರ್ಮನಿ 2000ದ ಕಾಯಿದೆಯಲ್ಲಿ ಈ ಲೆಕ್ಕವನ್ನೇ ತಿರುಗಿಸಿತು. ಉತ್ಪಾದಿಸಿದ ಪ್ರತಿ ಯೂನಿಟ್‌ಗೆ 99 ಫೆನಿಗ್ (ಅಲ್ಲಿನ ಆಗಿನ ಚಿಲ್ಲರೆ ನಾಣ್ಯ, ನೂರು ಸೇರಿದರೆ ಒಂದು ಮಾರ್ಕ್), 20 ವರ್ಷ ಖಾತರಿ. ಸಾಮಾನ್ಯ ಗ್ರಾಹಕ ಒಂದು ಯೂನಿಟ್‌ಗೆ ತೆರುತ್ತಿದ್ದುದಕ್ಕಿಂತ ಇದು ಎಷ್ಟೋ ಪಟ್ಟು ಹೆಚ್ಚು! ತಡವಾಗಿ ಬಂದವರಿಗೆ ವರ್ಷ ವರ್ಷವೂ ಕಡಿಮೆ ದರ. ನನ್ನ ಮಟ್ಟಿಗೆ ಇದರಲ್ಲಿ ಜಾಣತನದ ಭಾಗ ಈ ಇಳಿಕೆಯೇ. ತಯಾರಕರು ಬೆಲೆ ಇಳಿಸದೆ ವಿಧಿಯಿರಲಿಲ್ಲ. ಹಣ ಬಂದದ್ದು ಎಲ್ಲರ ಬಿಲ್ಲಿಗೆ ಸೇರಿಸಿದ ಸರ್ಚಾರ್ಜಿನಿಂದ. ಬಾಡಿಗೆ ಮನೆಯವರೂ ಅದನ್ನು ತೆತ್ತರು, ಅವರಿಗೋ ಸ್ವಂತ ಚಾವಣಿಯೇ ಇಲ್ಲ. 2014ರಲ್ಲಿ ಯೂನಿಟ್‌ಗೆ ಆರು ಯೂರೋ ಸೆಂಟ್ ದಾಟಿದ ಈ ಹೊರೆಯನ್ನು 2022ರಲ್ಲಿ ಬಿಲ್ಲಿನಿಂದ ಬಿಡಿಸಿ ಸರ್ಕಾರವೇ ಹೊತ್ತುಕೊಂಡಿತು.

ಜರ್ಮನಿಯನ್ನು ನೋಡಿ ಇಂಥ ದರ ಘೋಷಿಸಿದ ಎಲ್ಲರಿಗೂ ಹದ ಸಿಗಲಿಲ್ಲ. ಸ್ಪೇನ್ ಧಾರಾಳ ದರ ಕೊಟ್ಟು 2008ರಲ್ಲಿ ಫಲಕಗಳ ನೂಕುನುಗ್ಗಲು ಕಂಡಿತು, ಆಮೇಲೆ ಸ್ವಂತ ಬಳಕೆಯ ಮೇಲೆಯೇ ಶುಲ್ಕ ಹೇರಿ ಅದನ್ನು 2018ರಲ್ಲಿ ಹಿಂತೆಗೆದುಕೊಂಡಿತು. ಬ್ರಿಟನ್ 2010ರಲ್ಲಿ ತೆರೆದ ಯೋಜನೆಯನ್ನು 2019ರಲ್ಲಿ ಹೊಸಬರಿಗೆ ಮುಚ್ಚಿತು.

ನೆಟ್ ಮೀಟರಿಂಗ್‌ನಲ್ಲಿ ಅಡಗಿದ್ದ ಪ್ರಶ್ನೆ ಸ್ಫೋಟಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ. ಮಧ್ಯಾಹ್ನ ಬೇಡಿಕೆಗಿಂತ ಹೆಚ್ಚು ವಿದ್ಯುತ್, ಸಂಜೆ ಕೊರತೆ. ಸೋಲಾರ್ ಇಲ್ಲದವರ ಬಿಲ್ಲು ಏರುತ್ತಿದೆ ಎಂದು ವಿದ್ಯುತ್ ಕಂಪನಿಗಳು ದೂರಿದವು. ಸೋಲಾರ್ ಉದ್ಯಮ ಈ ಲೆಕ್ಕವನ್ನು ಇವತ್ತಿಗೂ ಒಪ್ಪುವುದಿಲ್ಲ. 2023ರ ಏಪ್ರಿಲ್‌ನಿಂದ ಹೊಸ ಅರ್ಜಿದಾರರು ಗ್ರಿಡ್‌ಗೆ ಕೊಡುವ ವಿದ್ಯುತ್ತಿನ ಬೆಲೆ ಸುಮಾರು ಮುಕ್ಕಾಲು ಪಾಲು ಇಳಿಯಿತು. ಬ್ಯಾಟರಿ ಇಟ್ಟು ಸಂಜೆಗೆ ಉಳಿಸಿಕೊಂಡವರಿಗೆ ಹೆಚ್ಚು ಲಾಭ ಗಿಟ್ಟುವಂತಾಯಿತು.

2005ರಲ್ಲಿ ಮರುಹುಟ್ಟು ಪಡೆದಿದ್ದ ಅಮೆರಿಕದ ಶೇ 30ರ ತೆರಿಗೆ ರಿಯಾಯಿತಿ 2025ರ ಕೊನೆಗೆ ಮತ್ತೆ ನಿಂತಿತು. ಈ ಸಲ ಉದ್ಯಮದ ಕೈಯಲ್ಲಿ 1985ರಲ್ಲಿ ಇಲ್ಲದ್ದೊಂದಿದೆ: ಅಗ್ಗದ ಫಲಕ.