ತಾರಾಗೋನಾದಲ್ಲಿ ಮನುಷ್ಯರ ಗೋಪುರ ನೋಡಲು ಯಾವಾಗ ಹೋಗಬೇಕು?

ಪ್ರಶ್ನೆ: ನಾವು ಬಾರ್ಸಿಲೋನಾಗೆ ಹೋಗುವವರಿದ್ದೇವೆ. ಹತ್ತಿರದ ತಾರಾಗೋನಾದಲ್ಲಿ ಜನ ಒಬ್ಬರ ಭುಜದ ಮೇಲೆ ಒಬ್ಬರು ನಿಂತು ಗೋಪುರ ಕಟ್ಟುತ್ತಾರಂತೆ. ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದರೆ ಅದು ನೋಡಲು ಸಿಗುತ್ತದಾ?

ಯಾವುದೋ ಒಂದು ದಿನ ಸುಮ್ನೆ ಹೋದರೆ ಸಿಗುವುದಿಲ್ಲ. ಇದು ಪ್ರವಾಸಿಗರಿಗಾಗಿ ದಿನಾ ನಡೆಯುವ ಷೋ ಅಲ್ಲ. ಊರ ಸಂಘಗಳು ಹಬ್ಬದ ದಿನ, ಊರ ಚೌಕದಲ್ಲಿ ಕಟ್ಟುವ ಗೋಪುರ. ಆದ್ದರಿಂದ ಮೊದಲು ತಾರೀಕು ನೋಡಿ, ಆಮೇಲೆ ಟಿಕೆಟ್ ಮಾಡಿ.

ನೆನಪಿಡಬೇಕಾದ ತಾರೀಕು ಸೆಪ್ಟೆಂಬರ್ 23. ಅಂದು ಊರನ್ನು ಕಾಯುವ ಸಂತ ಮಹಿಳೆ ಸಾಂತಾ ತೆಕ್ಲಾಳ ಹಬ್ಬ. ಸಂಭ್ರಮ ಅದಕ್ಕೂ ಸುಮಾರು ಹತ್ತು ದಿನ ಮೊದಲೇ ಶುರುವಾಗುತ್ತದೆ. 23ರಂದು ಪುರಸಭೆಯ ಮುಂದಿನ ಪ್ಲಾಸಾ ದೆ ಲಾ ಫಾಂಟ್ ಚೌಕದಲ್ಲಿ ಗೋಪುರಗಳು ಏಳುತ್ತವೆ. ಟಿಕೆಟ್ ಇಲ್ಲ, ಆದರೆ ಜಾಗ ಬೇಕಾದರೆ ಬೇಗ ಹೋಗಿ ನಿಲ್ಲಬೇಕು. ಊರಲ್ಲಿ ನಾಲ್ಕು ಸಂಘಗಳಿವೆ. ಅಂಗಿಯ ಬಣ್ಣ ನೋಡಿಯೇ ಯಾರು ಯಾರೆಂದು ತಿಳಿಯುತ್ತದೆ: ಕೆಂಪು-ಬಿಳಿ ಪಟ್ಟೆ, ನೇರಳೆ, ನೀಲಿ, ಹಸಿರು. ಪೈಪೋಟಿ ಜೋರಾಗಿಯೇ ಇರುತ್ತದೆ.

ಇವನ್ನು ಕಸ್ತೆಲ್ ಎನ್ನುತ್ತಾರೆ. ಹುಟ್ಟಿದ್ದು ಪಕ್ಕದ ವಾಲ್ಸ್ ಎಂಬ ಪಟ್ಟಣದಲ್ಲಿ, 18ನೇ ಶತಮಾನದ ಕೊನೆಯ ಹೊತ್ತಿಗೆ. 2010ರಲ್ಲಿ ಯುನೆಸ್ಕೋ ಇದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಮಂಗಳೂರು ಕಡೆಯ ಮೊಸರು ಕುಡಿಕೆ ನೋಡಿದವರಿಗೆ ಮೊದಲ ನೋಟಕ್ಕೆ ಇದೂ ಅದೇ ಅನ್ನಿಸಬಹುದು. ಆದರೆ ಅಲ್ಲಿ ಕುಡಿಕೆ ಒಡೆದರೆ ಗೆದ್ದಂತೆ, ಆಮೇಲೆ ಎಲ್ಲರೂ ಉರುಳಿಬಿದ್ದರೂ ನಗುತ್ತಾರೆ. ಇಲ್ಲಿ ತುದಿ ಮುಟ್ಟಿದರೆ ಅರ್ಧ ಕೆಲಸ ಮಾತ್ರ ಆಯಿತು. ಹತ್ತಿದವರೆಲ್ಲ ಒಬ್ಬೊಬ್ಬರಾಗಿ ಕ್ಷೇಮವಾಗಿ ಇಳಿದರೇನೇ ಗೋಪುರ ಪೂರ್ತಿಯಾಯಿತೆಂದು ಲೆಕ್ಕ. ಎಷ್ಟೋ ಗೋಪುರಗಳು ಕುಸಿಯುವುದು ಇಳಿಯುವಾಗಲೇ. ಹಾಗಾಗಿ ತುದಿಗೆ ಹತ್ತುವ ಮಗು ಅಲ್ಲಿ ಕೈಯೆತ್ತಿದ ಕೂಡಲೇ ಫೋಟೋ ತೆಗೆದು ಹೊರಡಬೇಡಿ.

ಆ ಮಗುವಿಗೆ ಅನ್ಷನೆತಾ ಎಂದು ಹೆಸರು. ಹೆಲ್ಮೆಟ್ ಹಾಕಿಕೊಂಡು ಸರಸರ ಹತ್ತಿ, ತುದಿಯಲ್ಲಿ ಒಂದು ಕೈ ಎತ್ತಿ, ಇನ್ನೊಂದು ಬದಿಯಿಂದ ಇಳಿಯುತ್ತದೆ. ಕಣ್ಣು ಅಲ್ಲಿಗೇ ಹೋಗುವುದು ಸಹಜ. ಆದರೆ ನಾನು ಹೇಳುವುದು, ಕೆಳಗೆ ನೋಡಿ. ಬುಡದಲ್ಲಿ ನೂರಾರು ಜನ ಒತ್ತೊತ್ತಾಗಿ ನಿಂತಿರುತ್ತಾರೆ. ಅದು ಪಿನ್ಯ. ಭಾರವನ್ನು ಹಂಚಿಕೊಳ್ಳುವುದು ಅವರು, ಮೇಲಿನವರು ಬಿದ್ದರೆ ಹಾಸಿಗೆಯಾಗುವುದೂ ಅವರೇ. ಅವರು ತಲೆಯೆತ್ತಿ ನೋಡುವಂತಿಲ್ಲ, ಕತ್ತಿಗೆ ಪೆಟ್ಟಾಗುತ್ತದೆ. ಹಾಗಾದರೆ ಮೇಲೆ ಏನಾಗುತ್ತಿದೆ ಎಂದು ಅವರಿಗೆ ಗೊತ್ತಾಗುವುದು ಹೇಗೆ? ಗ್ರಾಲ್ಯ ಎಂಬ ಊದುವ ವಾದ್ಯ ಮತ್ತು ಡೋಲಿನಿಂದ. ಗೋಪುರ ಯಾವ ಹಂತಕ್ಕೆ ಬಂದಿದೆ ಎಂಬುದನ್ನು ಆ ರಾಗವೇ ತಿಳಿಸುತ್ತದೆ. ಬುಡ ಸರಿ ಕೂತಿಲ್ಲ ಅನ್ನಿಸಿದರೆ ಮುಖಂಡರು ವಾದ್ಯ ಶುರುವಾಗುವ ಮೊದಲೇ ಎಲ್ಲರನ್ನೂ ಇಳಿಸಿಬಿಡುತ್ತಾರೆ. ವಾದ್ಯ ಕೇಳಿತು ಅಂದರೆ ಪ್ರಯತ್ನ ಶುರುವಾಯಿತೆಂದೇ ಲೆಕ್ಕ. ಆಗ ಚೌಕವೆಲ್ಲ ಮೌನವಾಗುತ್ತದೆ, ನೀವೂ ಮಾತು ನಿಲ್ಲಿಸಿ.

ಸೊಂಟಕ್ಕೆ ಸುತ್ತಿದ ಉದ್ದನೆಯ ಕಪ್ಪು ಬಟ್ಟೆಯೂ ಬರೀ ಅಲಂಕಾರವಲ್ಲ. ಅದು ಬೆನ್ನಿಗೆ ಬಿಗಿ ಕೊಡುತ್ತದೆ, ಬರಿಗಾಲಲ್ಲಿ ಹತ್ತುವವರಿಗೆ ಮೆಟ್ಟಿಲೂ ಆಗುತ್ತದೆ. ಗೋಪುರವನ್ನು ಎರಡು ಅಂಕಿಯಲ್ಲಿ ಕರೆಯುತ್ತಾರೆ. ‘3ರ 9’ ಅಂದರೆ ಅಂತಸ್ತಿಗೆ ಮೂವರಂತೆ ಒಂಬತ್ತು ಅಂತಸ್ತು, ತುದಿಯ ಮಕ್ಕಳ ಅಂತಸ್ತುಗಳಲ್ಲಿ ಮಾತ್ರ ಮೂವರಿರುವುದಿಲ್ಲ. 1980ರ ದಶಕದಲ್ಲಿ ಹೆಂಗಸರೂ ಸೇರತೊಡಗಿದ ಮೇಲೆ ಗೋಪುರಗಳು ಇನ್ನೂ ಎತ್ತರವಾದವು. 1998ರಲ್ಲಿ ಹತ್ತು ಅಂತಸ್ತೂ ಆಯಿತು.

ಸಾಧ್ಯವಾದರೆ ಸೆಪ್ಟೆಂಬರ್ 24ಕ್ಕೂ ಉಳಿಯಿರಿ. ನನ್ನ ಲೆಕ್ಕದಲ್ಲಿ ಇಡೀ ಹಬ್ಬದಲ್ಲಿ ಅದೇ ಒಳ್ಳೆಯದು. ಅಂತಸ್ತಿಗೆ ಒಬ್ಬರಂತೆ ನಾಲ್ಕು ಅಂತಸ್ತಿನ ಕಂಬ ಕಟ್ಟಿ, ಕೆಥೆಡ್ರಲ್‌ನ ಮೆಟ್ಟಿಲಿನಿಂದ ಇಳಿದು, ಹಳೆಯ ಊರಿನ ಇಳಿಜಾರು ಬೀದಿಯಲ್ಲಿ ಪುರಸಭೆವರೆಗೆ ನಡೆಯುತ್ತಾರೆ. ಹೌದು, ಗೋಪುರವೇ ನಡೆಯುತ್ತದೆ! ಕೆಲವು ಮಧ್ಯದಲ್ಲೇ ಬೀಳುತ್ತವೆ.

ಸಮಸಂಖ್ಯೆಯ ವರ್ಷವಾದರೆ, ಅಂದರೆ 2024, 2026 ಹೀಗೆ, ಅಕ್ಟೋಬರ್ ಮೊದಲ ವಾರಾಂತ್ಯದಲ್ಲಿ ದೊಡ್ಡ ಸ್ಪರ್ಧೆಯೂ ಇರುತ್ತದೆ. ಹಿಂದೆ ಗೂಳಿಕಾಳಗ ನಡೆಯುತ್ತಿದ್ದ ಅಖಾಡದಲ್ಲಿ ನಡೆಯುವ ಇದಕ್ಕೆ ಟಿಕೆಟ್ ಬೇಕು. ಅಂಕಕ್ಕಾಗಿ ಕಟ್ಟುವ ಗೋಪುರಗಳು ಎತ್ತರ ನಿಜ, ಆದರೂ ನನಗೆ ಬೀದಿಯ ಹಬ್ಬವೇ ಹೆಚ್ಚು.

ಬೇರೆ ತಿಂಗಳಲ್ಲಿ ಹೋಗುವವರು ಏನು ಮಾಡಬೇಕು? ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಬಾರ್ಸಿಲೋನಾ, ತಾರಾಗೋನಾ ಎರಡೂ ಇರುವ ಕತಲೂನ್ಯಾ ಪ್ರಾಂತ್ಯದ ಒಂದಲ್ಲ ಒಂದು ಊರಲ್ಲಿ ವಾರಾಂತ್ಯಕ್ಕೆ ಗೋಪುರ ಕಟ್ಟುತ್ತಿರುತ್ತಾರೆ. ಸಂಘಗಳು ಸಂಜೆ ಅಭ್ಯಾಸವನ್ನೂ ಮಾಡುತ್ತವೆ. ನೋಡಲು ಬರಬಹುದಾ ಎಂದು ಮೊದಲೇ ಬರೆದು ಕೇಳಿ.

ಗೋಪುರ ಸಿಗದಿದ್ದರೂ ಒಂದು ದಿನಕ್ಕೆ ಬೇಕಾದಷ್ಟು ಊರಲ್ಲಿದೆ. ರೋಮನ್ನರ ಕಾಲದಲ್ಲಿ ಇದು ತಾರಾಕೋ, ಸ್ಪೇನ್‌ನ ದೊಡ್ಡ ಪ್ರಾಂತ್ಯವೊಂದರ ರಾಜಧಾನಿ. ಸಮುದ್ರದ ಪಕ್ಕದಲ್ಲೇ 2ನೇ ಶತಮಾನದ ಬಯಲು ಅಖಾಡವಿದೆ. ಕ್ರಿ.ಶ. 259ರಲ್ಲಿ ಬಿಷಪ್ ಫ್ರುಕ್ತುವೋಸಸ್ ಮತ್ತು ಅವರ ಇಬ್ಬರು ಸಹಾಯಕರನ್ನು ಇಲ್ಲೇ ಜೀವಂತ ಸುಟ್ಟರು. ಆಮೇಲೆ ಅಖಾಡದೊಳಗೇ ಅವರ ನೆನಪಿಗೆ ಚರ್ಚ್ ಎದ್ದಿತು, ಅದರ ಅವಶೇಷ ಈಗಲೂ ಕಾಣುತ್ತದೆ. ಊರ ಹೊರಗೆ ನೀರು ತರುತ್ತಿದ್ದ ಕಲ್ಲಿನ ಸೇತುವೆ ಇದೆ, ಸುಮಾರು 27 ಮೀಟರ್ ಎತ್ತರ. ಸೋಮವಾರ ಇಂಥ ಜಾಗಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ನೋಡಿಕೊಂಡು ಹೊರಡಿ. ಊರಿನಲ್ಲಿ ಸಮುದ್ರ ನೋಡಲೆಂದೇ ಇರುವ ಬಾಲ್ಕನಿಯಂಥ ಜಾಗಕ್ಕೆ ಹೋದಾಗ ಕಬ್ಬಿಣದ ಕಟಕಟೆ ಮುಟ್ಟಿ ಬನ್ನಿ, ಅದೃಷ್ಟ ಎನ್ನುತ್ತಾರೆ.

ಊಟದ ಚಿಂತೆ ಸಸ್ಯಾಹಾರಿಗಳಿಗೂ ಬೇಡ. ಬಾದಾಮಿ, ಟೊಮೆಟೊ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ ಅರೆದು ಮಾಡುವ ರೊಮೆಸ್ಕೋ ಈ ಊರಿನದೇ ಚಟ್ನಿ. ಅದನ್ನು ಸುಟ್ಟ ತರಕಾರಿ ಜೊತೆ ತಿನ್ನಿ. ಮೀನು ತಿನ್ನುವವರು ಬೆಸ್ತರ ಕೇರಿ ಸೆರ್ರಾಲ್ಯೋಗೆ ಇಳಿಯಲಿ.

ಇನ್ನು ರೈಲು. ಬಾರ್ಸಿಲೋನಾದಿಂದ ಸುಮಾರು 100 ಕಿ.ಮೀ. ದೂರ. ವೇಗದ ರೈಲು ಹತ್ತಿದರೆ ಬೇಗ ತಲುಪುತ್ತೇವೆ ಎಂದುಕೊಳ್ಳಬೇಡಿ. ಅದು ನಿಲ್ಲುವ ‘ಕಾಂಪ್ ದೆ ತಾರಾಗೋನಾ’ ನಿಲ್ದಾಣ ಊರಿಂದ ದೂರ, ಹೊಲಗಳ ನಡುವೆ ಇದೆ. ಅಲ್ಲಿಂದ ಮತ್ತೆ ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು. ಮಾಮೂಲಿ ಪ್ರಾದೇಶಿಕ ರೈಲು ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ತೆಗೆದುಕೊಂಡರೂ ಸಮುದ್ರದ ಪಕ್ಕ, ಊರೊಳಗೇ ಇಳಿಸುತ್ತದೆ. ಅಲ್ಲಿಂದ ರೋಮನ್ನರ ಅಖಾಡಕ್ಕೆ ನಡೆದೇ ಹೋಗಬಹುದು.